ಬೇಲಿ ಇದೆಯಾ, ಇಲ್ಲವಾ?

ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು ಅಂದ್ರೆ ಮೊದಲು ಏಳೋ ಪ್ರಶ್ನೆ ಒಂದೇ: ಇದು ಕ್ಯಾನ್ಸರ್ರಾ, ಬರೀ ಗಂಟಾ? ಇದಕ್ಕೆ ಉತ್ತರ ಹುಡುಕಿದ ಕತೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ. ಓದ್ತಾ ಹೋದರೆ ನನಗಂತೂ ಮೈ ಜುಮ್ಮೆನ್ನುತ್ತದೆ.

1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಲೂಯಿ ವಿಲ್ಸನ್, ಗಂಟಿನ ಚೂರನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಮೆಥಿಲೀನ್ ಬ್ಲೂ ಬಣ್ಣ ಹಾಕಿ ಕೆಲವೇ ನಿಮಿಷಗಳಲ್ಲಿ ಉತ್ತರ ಹೇಳುವ ವಿಧಾನ ಪ್ರಕಟಿಸಿದರು. ಒಳ್ಳೆಯದೇ. ಆದರೆ ಆ ವೇಗವೇ ಮುಂದೆ ಹೆಂಗಸರಿಗೆ ಮುಳುವಾಯಿತು. ಅರಿವಳಿಕೆ ಕೊಟ್ಟು ಗಂಟು ತೆಗೆಯೋದು, ಕ್ಯಾನ್ಸರ್ ಅಂತ ಕಂಡರೆ ಅದೇ ಮೇಜಿನ ಮೇಲೆ ಇಡೀ ಸ್ತನವನ್ನೇ ತೆಗೆಯೋದು. ಏನಾಗಿದೆ ಅಂತ ಆಕೆಗೆ ತಿಳಿಯುತ್ತಿದ್ದದ್ದು ಎಚ್ಚರವಾದ ಮೇಲೇ! ಪತ್ರಕರ್ತೆ ರೋಸ್ ಕುಶ್ನರ್ 1974ರಲ್ಲಿ ತಮಗೇ ಗಂಟು ಬಂದಾಗ, ಮೊದಲು ಪರೀಕ್ಷೆ ಮಾತ್ರ ಮಾಡಿ, ಉಳಿದದ್ದು ನಾನು ನಿರ್ಧರಿಸ್ತೀನಿ ಅಂತ ಪಟ್ಟು ಹಿಡಿದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯೂ ಎರಡು ಹಂತದ ಕ್ರಮವನ್ನೇ ಒಪ್ಪಿತು.

ಅವಸರ ತಪ್ಪಿದ್ದರಿಂದ ನಿಧಾನವಾಗಿ, ಸೂಕ್ಷ್ಮವಾಗಿ ನೋಡುವುದಕ್ಕೆ ಅವಕಾಶ ಸಿಕ್ಕಿತು. ಅಷ್ಟರಲ್ಲಿ ಅದಕ್ಕೆ ಸಲಕರಣೆಯೂ ಸಿದ್ಧವಾಗುತ್ತಿತ್ತು. 1941ರಲ್ಲೇ ಆಲ್ಬರ್ಟ್ ಕೂನ್ಸ್, ಆಂಟಿಬಾಡಿಗೆ ಹೊಳೆಯುವ ಬಣ್ಣ ಅಂಟಿಸಿ ಬೇಕಾದ ವಸ್ತುವನ್ನು ಹುಡುಕಬಹುದು ಅಂತ ತೋರಿಸಿದ್ದರು. 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್, ಒಂದೇ ಗುರಿಗೆ ತಾಗುವ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು.

ಹುಡುಕಬೇಕಾದದ್ದು ಏನನ್ನು? ಹಾಲಿನ ನಾಳದ ಗೋಡೆಯಲ್ಲಿ ಎರಡು ಪದರ. ಹೊರಗಿನ ಪದರದ ಜೀವಕೋಶಗಳು ಹಿಂಡಿ ಹಾಲನ್ನು ಮುಂದಕ್ಕೆ ತಳ್ಳುತ್ತವೆ. ಇದನ್ನು ಬೇಲಿ ಅಂದುಕೊಳ್ಳಿ. ಸ್ಕ್ಲೀರೋಸಿಂಗ್ ಅಡಿನೋಸಿಸ್ ಅನ್ನೋ ನಿರಪಾಯದ ಗಂಟಿನಲ್ಲಿ ನಾಳಗಳು ಅಪ್ಪಚ್ಚಿಯಾಗಿ ಥೇಟ್ ಕ್ಯಾನ್ಸರಿನಂತೆ ಕಾಣುತ್ತವೆ, ಆದರೆ ಬೇಲಿ ಇರುತ್ತದೆ. ಹೊರಗೆ ನುಗ್ಗಿದ ಕ್ಯಾನ್ಸರಿನ ಸುತ್ತ ಬೇಲಿ ಇರುವುದಿಲ್ಲ. 1998ರಲ್ಲಿ ವರದಿಯಾದ ಪಿ63 ಅನ್ನೋ ಪ್ರೋಟೀನು ಈ ಬೇಲಿಯ ಕೋಶಗಳ ನಡುಬೀಜದಲ್ಲಿದೆ. ಅದಕ್ಕೆ ಬಣ್ಣ ಹಾಕಿದರೆ ಸುತ್ತಲೂ ಕಂದು ಚುಕ್ಕೆಗಳ ಸಾಲು. ಸಾಲು ಇಲ್ಲಾಂದ್ರೆ ಅನುಮಾನ!

ಹಾಗಂತ ಇದೊಂದೇ ಸಾಲದು. ನಾಳದೊಳಗೇ ಉಳಿದ ಕ್ಯಾನ್ಸರಿಗೂ ಬೇಲಿ ಇರುತ್ತದೆ. ಮೈಕ್ರೋಗ್ಲ್ಯಾಂಡ್ಯುಲರ್ ಅಡಿನೋಸಿಸ್ ನಿರಪಾಯದ್ದಾದರೂ ಅದಕ್ಕೆ ಬೇಲಿಯಿಲ್ಲ. ಅದಕ್ಕೇ ಹಲವು ಗುರುತುಗಳನ್ನು ಒಟ್ಟಿಗಿಟ್ಟು, ಪಳಗಿದ ಕಣ್ಣು ನೋಡಬೇಕು.

ಇನ್ನೊಂದು ಮಾತು. ರಿಪೋರ್ಟಿನಲ್ಲಿ ಕಾಣುವ ಇಆರ್, ಹರ್2 ಇರೋದು ಮುಖ್ಯವಾಗಿ ಚಿಕಿತ್ಸೆ ಆರಿಸುವುದಕ್ಕೆ. ಇಆರ್ ಆರೋಗ್ಯವಂತ ಸ್ತನದಲ್ಲೂ ಇರುತ್ತೆ. ‘ಪಾಸಿಟಿವ್’ ಅನ್ನೋ ಪದ ಕಂಡು ಹೆದರಬೇಡಿ, ಯಾವುದರ ಪಾಸಿಟಿವ್ ಅಂತ ಡಾಕ್ಟರನ್ನು ಕೇಳಿ. ರೋಸ್ ಕುಶ್ನರ್ ಪಟ್ಟು ಹಿಡಿದದ್ದೂ ಹೀಗೆ ತಿಳಿದು ನಿರ್ಧರಿಸುವ ಹಕ್ಕಿಗೇ ಅಲ್ವೇ?