ಕ್ಯಾಟರ್‌ಪಿ

ಜಪಾನಿನ ‘ಪೋಕೆಮಾನ್’ ವಿಡಿಯೊ ಗೇಮ್ ಸರಣಿಯ ಕಾಲ್ಪನಿಕ ಕೀಟಜೀವಿ, ಅದರ ಜೀವಿಗಳ ಪಟ್ಟಿಯಲ್ಲಿ 10ನೆಯದು. ಬಾಲ್ಯದಲ್ಲಿ ಹುಳ ಹಿಡಿಯುವ ಗೀಳಿದ್ದ ಸಟೋಶಿ ತಾಜಿರಿ ರೂಪಿಸಿದ ಈ ಆಟ 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಕ್ಯಾಟರ್‌ಪಿಯದು ಹಸಿರು ಮೈ, 0.3 ಮೀಟರ್ ಉದ್ದ, 2.9 ಕೆ.ಜಿ. ತೂಕ. 7ನೇ ಹಂತದಲ್ಲಿ ಮೆಟಾಪಾಡ್ ಎಂಬ ಕೋಶವಾಗಿ, 10ರಲ್ಲಿ ಬಟರ್‌ಫ್ರೀ ಎಂಬ ಚಿಟ್ಟೆಯಾಗಿ ಮಾರ್ಪಡುತ್ತದೆ. ಹಣೆಯ ಕೆಂಪು ಕವಲುಕೊಂಬಿನಿಂದ ದುರ್ನಾತ ಬೀರಿ ಶತ್ರುವನ್ನು ಓಡಿಸುತ್ತದೆ.

ಇಂಥದೇ ಕೊಂಬಿರುವ ನಿಜವಾದ ಹುಳು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಭಾಗದ ಲಿಂಬೆ ಗಿಡಗಳಲ್ಲಿದೆ: ಪ್ಯಾಪಿಲಿಯೊ ಡೆಮೋಲಿಯಸ್ ಎಂಬ ಲಿಂಬೆ ಚಿಟ್ಟೆಯ ಮರಿ. ಎಳೆಯದಿದ್ದಾಗ ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬಲಿತ ಮೇಲೆ ಹಸಿರು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಕೊಂಬು ಚಾಚಿ, ಘಾಟು ವಾಸನೆ ಬಿಟ್ಟು, ಮತ್ತೆ ಒಳಗೆಳೆದುಕೊಳ್ಳುತ್ತದೆ. ಆಟದಲ್ಲಿ ಕ್ಯಾಟರ್‌ಪಿಯನ್ನು ಮೆಚ್ಚಿದ ಮಕ್ಕಳಿಗೆ ಇದನ್ನೊಮ್ಮೆ ತೋರಿಸಲೇಬೇಕು. ಬೆಳೆಗಾರರಿಗೆ ಮಾತ್ರ ಇದು ಪೀಡೆ; ಸಸಿಗಳ ಎಲೆ ತಿಂದು ಬರಿ ಕಡ್ಡಿ ಉಳಿಸುತ್ತದೆ. ಗಿಡಗಳು ಕಡಿಮೆಯಿದ್ದರೆ ಕೈಯಿಂದ ಆರಿಸಿ ತೆಗೆಯುವುದೇ ಒಳ್ಳೆಯ ಉಪಾಯ.