ಹನ್ನೊಂದು ಬಾಗಿಲುಗಳು

ಠಾಣೆಯ ಸರ್ವರಿನಲ್ಲಿ ಸಿದ್ಧವಾದ ಆದೇಶವು ಡೊಂಬಿವಲಿಯ ಪ್ರಿಂಟರಿನಲ್ಲಿ ಕಾಗದವಾಗಿ ಹೊರಬರಬೇಕು. 2000ದ ದಶಕದ ಮೊದಲ ವರ್ಷಗಳಲ್ಲಿ ನಮ್ಮಂತಹ ಕೇಂದ್ರ ಸರಕಾರಿ ನೌಕರರ ಪಾಲಿಗೆ ಗಣಕೀಕರಣವೆಂದರೆ ಬಹುಮಟ್ಟಿಗೆ ಇಷ್ಟೇ ಆಗಿತ್ತು. ಯುನಿಕ್ಸ್ ಸರ್ವರ್ ಒಂದು. ಕಾಗದಕ್ಕಾಗಿ ಕಾಯುವ ಕಚೇರಿಗಳು ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ. ಮುದ್ರಣ ಕೆಲವು ದಿನ ಸುಸೂತ್ರವಾಗಿ ಸಾಗಿ, ಕೆಲವು ದಿನ ಯಾವ ದೋಷಸಂದೇಶವನ್ನೂ ನೀಡದೆ ನಿಂತುಬಿಡುತ್ತಿತ್ತು.

ಸಂಶಯ ಮೊದಲು ಬೀಳುತ್ತಿದ್ದುದು ತಂತಿಯ ಮೇಲೆ. 1986ರ ಏಪ್ರಿಲ್ 1ರಂದು ಆರಂಭವಾದ ಎಂಟಿಎನ್‌ಎಲ್‌ನ ವ್ಯಾಪ್ತಿಗೆ ಮುಂಬಯಿಯೊಡನೆ ಠಾಣೆ, ನವಿಮುಂಬಯಿ ನಗರಗಳು ಸೇರಿದ್ದವು. ಕಲ್ಯಾಣ, ಡೊಂಬಿವಲಿಗಳು ದೂರಸಂಪರ್ಕ ಇಲಾಖೆಯಲ್ಲಿಯೇ ಉಳಿದು, 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್‌ಗೆ ಸೇರಿದವು. ಠಾಣೆಯ ದೂರವಾಣಿ ಸಂಕೇತ 022, ಡೊಂಬಿವಲಿಯದು 0251. ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆಯಷ್ಟರ ಈ ದಾರಿಯಲ್ಲಿ ಬಾಡಿಗೆಯ ತಂತಿ ಎರಡು ಆಡಳಿತಗಳ ಗಡಿಯನ್ನು ದಾಟಬೇಕಿತ್ತು. 2005ರ ಜುಲೈ 26ರ ಮಹಾಮಳೆಯನ್ನು ಕಂಡವರು ತಂತಿಯನ್ನು ಶಂಕಿಸಿದರೆ ಅಚ್ಚರಿಯಿಲ್ಲ. ಆದರೆ ಮಾರ್ಚ್ ತಿಂಗಳ ಒಣ ಬಿಸಿಲಿನಲ್ಲಿ, ಪಿಂಗ್ ಸರಿಯಾಗಿ ಹೋಗಿ ಬರುತ್ತಿದ್ದಾಗಲೂ ಮುದ್ರಣ ನಿಲ್ಲುತ್ತಿತ್ತು. ಅದೂ ವರ್ಷಾಂತ್ಯದ ಕೆಲಸ ಒತ್ತಾಗಿ ಬಂದಾಗಲೇ. ಕೆಲಸ ಕಡಿಮೆಯಿದ್ದ ದಿನ ದೋಷವೂ ಇರುತ್ತಿರಲಿಲ್ಲ.

ಇದರ ಮೂಲಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರೆಗೆ ಹೋಗಬೇಕು. 1983ರಲ್ಲಿ ಹೊರಬಂದ ಬರ್ಕ್ಲಿ ಯುನಿಕ್ಸಿನ 4.2 ಆವೃತ್ತಿಯಲ್ಲಿ ಒಂದು ಯಂತ್ರದಿಂದ ಇನ್ನೊಂದು ಯಂತ್ರದ ಪ್ರಿಂಟರಿಗೆ ಕೆಲಸ ಕಳುಹಿಸುವ ವ್ಯವಸ್ಥೆಯಿತ್ತು. ಅದರ ಭದ್ರತೆಯೆಲ್ಲ ನೆರೆಹೊರೆಯ ನಂಬಿಕೆ. 1024ಕ್ಕಿಂತ ಕೆಳಗಿನ ಸಂಖ್ಯೆಯ ಪೋರ್ಟನ್ನು ಯಂತ್ರದ ಮೇಲ್ವಿಚಾರಕನಷ್ಟೇ ತೆರೆಯಬಲ್ಲ. ಆದುದರಿಂದ ಅಂತಹ ಬಾಗಿಲಿನಿಂದ ಬಂದ ಕೆಲಸ ಸಾಚಾ. ಒಬ್ಬರನ್ನೊಬ್ಬರು ಬಲ್ಲವರ ಒಂದು ಆವರಣಕ್ಕೆ ಇದು ಸಾಕು. 1990ರ ಆಗಸ್ಟಿನಲ್ಲಿ ಆರ್‌ಎಫ್‌ಸಿ 1179 ಎಂಬ ದಾಖಲೆ ಈ ರೂಢಿಯನ್ನು ಬರೆದಿಟ್ಟಿತು: ಕೆಲಸವನ್ನು ಸ್ವೀಕರಿಸುವ ಬಾಗಿಲು 515, ಕಳುಹಿಸುವ ಬಾಗಿಲು 721ರಿಂದ 731ರೊಳಗಿನದೇ ಆಗಿರಬೇಕು. ಎಣಿಸಿದರೆ ಹನ್ನೊಂದು.

ಇನ್ನೊಂದು ನಿಯಮ ಟಿಸಿಪಿಯದು, 1981ರದು. ಮುಗಿದ ಸಂಪರ್ಕದ ಬಾಗಿಲು ಸ್ವಲ್ಪ ಕಾಲ ವಿಶ್ರಮಿಸಬೇಕು, ದಾರಿಯಲ್ಲಿ ತಡವಾದ ಚೂರುಗಳು ಹೊಸ ಸಂಪರ್ಕದೊಳಗೆ ನುಸುಳದಂತೆ. ಮೂಲ ಲೆಕ್ಕದಲ್ಲಿ ಇದು ನಾಲ್ಕು ನಿಮಿಷ. ಹಲವು ಯಂತ್ರಗಳು ಇದನ್ನು ತಗ್ಗಿಸಿಕೊಂಡಿದ್ದವು. ಎರಡೂ ನಿಯಮಗಳು ತಮ್ಮತಮ್ಮಷ್ಟಕ್ಕೆ ವಿವೇಕಯುತವೇ. ಎರಡನ್ನೂ ಅಕ್ಷರಶಃ ಪಾಲಿಸುವ ಸರ್ವರಿನಿಂದ ಒಂದೊಂದು ಪುಟದ ಹನ್ನೆರಡು ಆದೇಶಗಳನ್ನು ಬೆನ್ನುಬೆನ್ನಿಗೆ ಕಳುಹಿಸಿದರೆ, ಹನ್ನೆರಡನೆಯದಕ್ಕೆ ಬಾಗಿಲೇ ಇಲ್ಲ. ನೆಟ್‌ಸ್ಟ್ಯಾಟ್ ಆಜ್ಞೆ ಕೊಟ್ಟಾಗ 721ರಿಂದ 731ರವರೆಗೆ ಎಲ್ಲವೂ ‘ಟೈಮ್ ವೇಟ್’ ಎಂದು ಸಾಲಾಗಿ ಕಾಣಿಸಿಕೊಂಡಾಗ ತಂತಿಯ ಮೇಲಿನ ಆರೋಪ ಬಿದ್ದುಹೋಯಿತು.

ನಿಂತುಹೋಗುವುದು ಕಿರುಕುಳ ಮಾತ್ರ; ಭಯವಿದ್ದುದು ಎರಡು ಸಲ ಮುದ್ರಣವಾಗುವುದರಲ್ಲಿ. ಆ ವ್ಯವಸ್ಥೆಯಲ್ಲಿ ಆಚೆಯ ಯಂತ್ರ ಸೊನ್ನೆಯ ಒಂದು ಬೈಟನ್ನು ಮರಳಿಸಿದರೆ ‘ಕಡತ ತಲುಪಿತು’ ಎಂದರ್ಥ. ಕಾಗದ ಹೊರಬಂತೇ, ರಿಬ್ಬನ್ ಹರಿಯಿತೇ ಎಂಬುದನ್ನು ಅದು ಹೇಳುವುದಿಲ್ಲ. ಡೊಂಬಿವಲಿಯ ಗುಮಾಸ್ತರು ಫೋನಾಯಿಸಿ ‘ಬಂದಿಲ್ಲ’ ಎನ್ನುವರು, ಠಾಣೆಯಿಂದ ಮತ್ತೆ ಕಳುಹಿಸುವರು, ಮಧ್ಯಾಹ್ನ ಎರಡೂ ಬರುವುವು. ಸುತ್ತೋಲೆಯಾದರೆ ಹರಿದೆಸೆಯಬಹುದು. ಹಣ ಪಾವತಿಯ ಆದೇಶವಾದರೆ ಒಂದೇ ಸಂಖ್ಯೆಯ ಎರಡು ಮೂಲಪ್ರತಿಗಳು! ಲೆಕ್ಕಪರಿಶೋಧಕರಿಗೆ ಸೊನ್ನೆ ಬೈಟಿನ ಕಥೆಯನ್ನು ಹೇಳಲಾದೀತೆ? (ಯುನಿಕ್ಸ್ ಸಾಲಿನ ಕೊನೆಗೆ ‘ಕೆಳಗಿಳಿ’ ಎನ್ನುತ್ತದೆಯೇ ಹೊರತು ‘ಎಡಕ್ಕೆ ಮರಳು’ ಎನ್ನುವುದಿಲ್ಲ, ಇದರಿಂದ ಅಕ್ಷರಗಳು ಮೆಟ್ಟಿಲಿಳಿದಂತೆ ಬಲಕ್ಕೆ ಜಾರಿ ಹಾಳಾದ ಪುಟಗಳದೇ ಇನ್ನೊಂದು ರಾಶಿ.)

ಪರಿಹಾರ ಸರಳವಾಗಿತ್ತು. ಬಿಡಿಬಿಡಿ ಆದೇಶಗಳನ್ನು ಒಂದೇ ಕಡತವಾಗಿ ಕಟ್ಟಿ ಕಳುಹಿಸಿದರೆ ಒಂದೇ ಬಾಗಿಲು ಸಾಕು. ಹನ್ನೊಂದರ ಮಿತಿಯನ್ನು ಸಡಿಲಿಸಲು ಎಲ್‌ಪಿಆರ್‌ಎನ್‌ಜಿಯಂತಹ ತಂತ್ರಾಂಶಗಳೂ ಬಂದಿದ್ದವು. 1999ರ ಕಪ್ಸ್ ವ್ಯವಸ್ಥೆ ಐಪಿಪಿ ಎಂಬ ಬೇರೆಯದೇ ಸಂವಾದಕ್ರಮವನ್ನು ತಂದು, ಪ್ರಿಂಟರಿನ ಸ್ಥಿತಿಯನ್ನು ಕೇಳಿ ತಿಳಿಯುವ ದಾರಿ ತೆರೆಯಿತು.

ನಿಲುಗಡೆ ಇಷ್ಟಕ್ಕೆ ತಪ್ಪಿತು. ಸೊನ್ನೆ ಬೈಟಿನ ಅರ್ಥ ಮಾತ್ರ ಬದಲಾಗಲಿಲ್ಲವಾಗಿ, ಡೊಂಬಿವಲಿಯಲ್ಲಿ ಒಂದು ಉದ್ದನೆಯ ವಹಿ ಬಂತು: ಹೊರಬಂದ ಪ್ರತಿ ಆದೇಶದ ಸಂಖ್ಯೆ, ವೇಳೆ, ಗುಮಾಸ್ತರ ಸಹಿ. ಠಾಣೆಯವರು ಮರುಮುದ್ರಣದ ಗುಂಡಿ ಒತ್ತುವ ಮೊದಲು ಫೋನಿನಲ್ಲಿ ಆ ವಹಿಯನ್ನು ಓದಿಸಿ ಕೇಳುತ್ತಿದ್ದರು.