ಐಹೊಳೆಯ ವರ್ತಕರು, ಇಳಕಲ್ಲಿನ ಕೊಂಡಿ

ಹುನಗುಂದ ಸೀಮೆಯ ಐಹೊಳೆ ಇಂದು ಚಾಲುಕ್ಯರ ದೇಗುಲಗಳಿಗಾಗಿ ಹೆಸರಾಗಿದ್ದರೂ, ದಕ್ಷಿಣ ಭಾರತದ ವಾಣಿಜ್ಯ ಚರಿತ್ರೆಯಲ್ಲಿ ಆ ಊರು ಉಳಿದಿರುವುದು 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಮೂಲಕ. ಆನೆ, ಕುದುರೆ, ಮುತ್ತು, ಕರ್ಪೂರ, ಏಲಕ್ಕಿಗಳನ್ನು ದೇಶದಿಂದ ದೇಶಕ್ಕೆ ಸಾಗಿಸುತ್ತಿದ್ದ ಈ ಸಂಘದ ಹೆಸರು ಸುಮಾತ್ರಾದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಇದೆ. ಸರಕು ತಯಾರಿಸುವವನಿಗೂ ಕೊಳ್ಳುವವನಿಗೂ ನಡುವಿನ ದಾರಿಯನ್ನು, ಅಂದರೆ ಸಾಗಣೆ, ಕಾವಲು, ಸಂತೆಗಳನ್ನು ಕೈಯಲ್ಲಿಟ್ಟುಕೊಂಡದ್ದೇ ಅವರ ಬಲವಾಗಿತ್ತು.

ಐನೂರ್ವರಿಂದ ಅದೇ ಸೀಮೆಯ ಇಳಕಲ್ಲಿನ ಸೀರೆ ವ್ಯಾಪಾರಕ್ಕೆ ನೇರ ವಂಶಾವಳಿ ಎಳೆಯುವುದು ದುಡುಕಾದೀತು. ಆದರೆ ನಡುದಾರಿ ಹಿಡಿದವನದೇ ಮೇಲುಗೈ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಇಳಕಲ್ ಸೀರೆಯ ಒಡಲಿಗೆ ಸಾಮಾನ್ಯವಾಗಿ ಹತ್ತಿಯ ನೂಲು, ದಡಿ ಮತ್ತು ಸೆರಗಿಗೆ ರೇಷ್ಮೆ ಅಥವಾ 'ಚಮಕಾ' ಎನ್ನಲಾಗುವ ಕೃತಕ ರೇಷ್ಮೆ, ಅಂದರೆ ರೇಯಾನ್. ಈ ರೇಯಾನ್ 1950ರ ಸುಮಾರಿಗೆ ಭಾರತದಲ್ಲಿ ತಯಾರಾಗತೊಡಗುವವರೆಗೆ ಹೊರದೇಶಗಳಿಂದಲೇ ಬರಬೇಕಿತ್ತು. ಊರಿನದೇ ಆದದ್ದು ಕೊಂಡಿ. ಒಡಲಿನ ಹಾಸು (ಉದ್ದನೆಯ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಎಳೆಎಳೆಯಾಗಿ ಜೋಡಿಸಿದ ಮೇಲೆಯೇ ಕುಣಿಮಗ್ಗದ ಮೇಲೆ ಲಾಳಿ ಓಡುತ್ತದೆ. ಹೀಗೆ ಜೋಡಿಸಿದ ಹಾಸು ಆರು, ಎಂಟು ಅಥವಾ ಒಂಬತ್ತು ಗಜದ ಒಂದೇ ಸೀರೆಗೆ ಮುಗಿಯುವುದರಿಂದ, ಮುಂದಿನ ಸೀರೆಗೆ ಕೊಂಡಿ ಹಾಕುವ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಉದ್ದನೆಯ ಹಾಸಿನಲ್ಲಿ ಸೀರೆಯ ಮೇಲೆ ಸೀರೆ ನೇಯುವ ವಿದ್ಯುತ್ ಮಗ್ಗಕ್ಕೆ ಈ ತಾಳ್ಮೆ ಒಗ್ಗುವಂಥದ್ದಲ್ಲ.

ಕೊಂಡಿಯಂಥ, ಎಲ್ಲರಿಗೂ ಒಗ್ಗದ ಕಸುಬು ಕೈಯಲ್ಲಿದ್ದರೆ ಲಾಭವೂ ಕೈಗೆ ಬರಬೇಕು ಎನಿಸುತ್ತದೆ; ಇಂಥದೇ ಎಣಿಕೆ ಬೇರೆ ಉದ್ಯಮಗಳಲ್ಲೂ ಇದೆ. ಮನುಷ್ಯಾಕೃತಿಯ ರೋಬೋಟುಗಳ ಉದ್ಯಮದಲ್ಲಿ ಹಣ ಹೂಡುವವರು ಇಂದು ರೋಬೋಟು ಕಟ್ಟುವ ಕಂಪನಿಗಳಷ್ಟೇ ಆಸ್ಥೆಯಿಂದ ಅದರ ಕೀಲುಗಳಿಗೆ ಬೇಕಾದ ಗೇರು, ಮೋಟಾರು, ಬೇರಿಂಗುಗಳ ಪೂರೈಕೆದಾರರನ್ನೂ ಹುಡುಕುತ್ತಾರೆ; ಎಲ್ಲರಿಂದಲೂ ಮಾಡಲಾಗದ ಭಾಗ ಯಾರ ಕೈಯಲ್ಲಿದೆಯೋ ಲಾಭವೂ ಅವರಿಗೇ ಎಂಬುದು ಆ ಲೆಕ್ಕ. ಇಳಕಲ್ಲಿನ ಅನುಭವ ಈ ಲೆಕ್ಕವನ್ನು ಅರ್ಧ ಮಾತ್ರ ಒಪ್ಪುತ್ತದೆ. ಕೊಂಡಿಯ ಕಸುಬು ನೇಕಾರರ ಮನೆಯಲ್ಲೇ ಇದ್ದರೂ, ನೂಲು ಕೊಟ್ಟು, ಮುಂಗಡ ಕೊಟ್ಟು, ನೇಯ್ದ ಸೀರೆಯನ್ನು ಮಜೂರಿಯ ಲೆಕ್ಕದಲ್ಲಿ ಒಯ್ಯುವ ಸಾವುಕಾರನ ಕೈಯಲ್ಲಿ ದರ ಉಳಿಯಿತು.

1975ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ, ನೂಲು ಒದಗಿಸಿ ಬಟ್ಟೆ ಕೊಳ್ಳುವ ಕೆಲಸಕ್ಕೆ ಇಳಿದದ್ದನ್ನು ಸಾವುಕಾರನ ಜಾಗದಲ್ಲಿ ಸರ್ಕಾರವೇ ನಿಲ್ಲುವ ಪ್ರಯತ್ನವೆಂದು ಓದಬಹುದು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಈಗ ಇದೆ. ಅದು ಸೀರೆಯ ಹೆಸರನ್ನು ಕಾಯುತ್ತದೆಯೇ ಹೊರತು ಮುಂದಿನ ಹಾಸಿನ ನೂಲಿಗೆ ಹಣ ಒದಗಿಸುವುದಿಲ್ಲ.